ಹಸಿ ಗಾರೆಯ ಬಂಡೆ

ನಮ್ಮೂರ ಹೊಳೆಯಲ್ಲಿ ಹೆಂಗಸರಿಗೆಂದೇ ಒಂದು ಬಂಡೆ ಇತ್ತು. ಗಂಡಸರು ಸ್ನಾನ ಮಾಡುವ ಜಾಗ ಬೇರೆ, ದನದ ಮೈ ತೊಳೆಯುವ ಜಾಗ ಬೇರೆ, ಇದು ಬೇರೆ. ಹೆಣ್ಣುಬಂಡೆ ಎಂದೇ ಅದರ ಹೆಸರು. ಯಾವನಾದರೂ ಗಂಡಸು ದಾರಿ ತಪ್ಪಿದವನ ಹಾಗೆ ಅತ್ತ ಬಂದನೋ, ನಮ್ಮವ್ವನಂಥವರು ಅವನ ಏಳು ತಲೆಮಾರನ್ನೂ ಎಳೆದಾಡಿ ಓಡಿಸುತ್ತಿದ್ದರು. ಕೊಣನೂರು ಸಂತೆಗೆ ನಡೆದೇ ಹೋಗಿಬರುವಷ್ಟು ಹತ್ತಿರದ ಊರು ನಮ್ಮದು. ಕಾವೇರಿ ಅಲ್ಲಿ ಒಂದು ಬಾಗು ತೆಗೆದುಕೊಂಡು, ಬಂಡೆಯ ಹಿಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಮುಂದಕ್ಕೆ ಹೋಗುತ್ತಿತ್ತು. ಆ ನಿಂತ ನೀರಿನಲ್ಲೇ ನಾನು ಈಜು ಕಲಿತದ್ದು. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಅವ್ವ ನನ್ನನ್ನು ಬಂಡೆಯ ಮೇಲಿಂದ ತಳ್ಳಿದಳು. ಮುಳುಗಿ, ನೀರು ಕುಡಿದು, ಎದ್ದು, ಅವಳನ್ನು ಬಾಯಿಗೆ ಬಂದಂತೆ ಬೈದೆ. ಅವಳು ನಗುತ್ತ ಮತ್ತೆ ತಳ್ಳಿದಳು.

ಆ ಬಂಡೆಯಲ್ಲಿ ನೀರಿನ ಪಕ್ಕಕ್ಕೆ ಒಂದು ತಗ್ಗಿತ್ತು. ಕೂತರೆ ಬೆನ್ನಿಗೆ ಒರಗು ಸಿಗುತ್ತಿತ್ತು, ಕಾಲು ಮೀನಖಂಡದವರೆಗೆ ನೀರಿನಲ್ಲಿ ಇರುತ್ತಿತ್ತು. ಬಟ್ಟೆ ಒಗೆದು ಹರವಿ, ಈಜಿ ದಣಿದು, ಅಲ್ಲಿ ಕೂತು ಕೂದಲು ಒಣಗಿಸಿಕೊಳ್ಳುವುದು. ಕಲ್ಲಿನ ಬಿಸಿ ಬೆನ್ನಿಗೆ, ನೀರಿನ ತಂಪು ಕಾಲಿಗೆ. ಅಷ್ಟೇ. ಅದಕ್ಕಿಂತ ದೊಡ್ಡ ಸುಖ ನನಗೆ ಈವರೆಗೆ ಸಿಕ್ಕಿಲ್ಲ ಎಂದರೆ ನನ್ನ ಮಕ್ಕಳು ನಗುತ್ತಾರೆ. ನಗಲಿ. ಕೊಳಾಯಿ ನೀರಲ್ಲಿ ಹುಟ್ಟಿ ಕೊಳಾಯಿ ನೀರಲ್ಲಿ ಬೆಳೆದವರು, ಅವರೇನು ಕಂಡಿದ್ದಾರೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಹೇಳಹೊರಟಿರುವುದು ಇನ್ನೊಂದು ಬಂಡೆಯ ವಿಚಾರ. ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ, ಶಾಂತಿಗ್ರಾಮ ಬರುವುದಕ್ಕೆ ಮುಂಚೆ, ಒಂದು ಹೋಟೆಲಿನ ಈಜುಕೊಳಕ್ಕೆ ನನ್ನ ಗಂಡ ಕಟ್ಟಿದ ಸಿಮೆಂಟಿನ ಬಂಡೆ. ಅದರ ಮೇಲೆ ಒಂದು ಸಲ, ಒಂದೇ ಒಂದು ಸಲ, ನೀರಿಗೆ ಕಾಲು ಬಿಟ್ಟು ಕೂರಬೇಕು ಎಂದು ನಾನು ಪಟ್ಟ ಆಸೆಯ ವಿಚಾರ.

ಐವತ್ತರ ದಶಕದ ನಡುವಿನಲ್ಲಿ ನನ್ನನ್ನು ಹೊಳೆನರಸೀಪುರಕ್ಕೆ ಕೊಟ್ಟರು. ಗಾರೆ ಕೆಲಸದವರ ಮನೆ. ಗೋಪುರದ ಮೇಲೆ ಸುಣ್ಣದ ಗಾರೆಯಲ್ಲಿ ದ್ವಾರಪಾಲಕರನ್ನೂ, ಸಿಂಹದ ಮುಖವನ್ನೂ, ಬಸವಣ್ಣನನ್ನೂ ಮಾಡುವ ಜನ. ಹೇಮಾವತಿ ಹರಿಯುವ ಊರು ಎಂದು ಕೇಳಿ ನಾನು ಗಂಡಿನ ಮುಖ ನೋಡುವ ಮೊದಲೇ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದೆ. ಹೋದ ಹೊಸದರಲ್ಲೇ ನೀರಿಗೆ ಹೋದಾಗ ಬಿಂದಿಗೆ ದಡದಲ್ಲಿಟ್ಟು ಸೀರೆ ಎತ್ತಿ ಕಟ್ಟಿದೆ. ಹಿಂದೆಯೇ ಬಂದಿದ್ದ ನಮ್ಮತ್ತೆ ಮೇಲಿನಿಂದಲೇ ಕೂಗಿದರು.

“ಸೊಸೆಯಾದೋಳು ಬಿಂದ್ಗೆ ಮುಳುಗೋವಷ್ಟು ನೀರ್ಗಿಳುದ್ರೆ ಸಾಕು ಕಣಮ್ಮ. ನೀನ್ ಮುಳುಗ್ಬ್ಯಾಡ.”

ಅಂದಿನಿಂದ ನನ್ನ ಹೊಳೆ ಬಿಂದಿಗೆಯ ಅಳತೆಗೆ ಇಳಿಯಿತು. ಆಮೇಲೆ ಗೋಪುರದ ಕೆಲಸ ಕಡಿಮೆಯಾಗಿ, ಮನೆಗಳ ಗೋಡೆ ಗಿಲಾವು ಮಾಡಿಕೊಂಡಾದರೂ ಬದುಕೋಣವೆಂದು ಹಾಸನಕ್ಕೆ ಬಂದೆವು. ಅಲ್ಲಿ ಆ ಬಿಂದಿಗೆಯೂ ಬೀದಿ ಕೊಳಾಯಿಯ ಮುಂದೆ ಸಾಲಿನಲ್ಲಿ ನಿಂತಿತು. ತವರಿಗೆ ಹೋದಾಗ ಮಾತ್ರ ಹೊಳೆ. “ಓಗು, ಈಗ ಯಾರೂ ಇರಾಕಿಲ್ಲ, ಒಂದ್ ಮುಳುಗು ಆಕ್ಬುಟ್ಟು ಬಾ,” ಎಂದು ಅವ್ವನೇ ಕಳಿಸುತ್ತಿದ್ದಳು. ಅವ್ವ ತೀರಿಕೊಂಡಳು. ಅಣ್ಣ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಕೆಲಸಕ್ಕೆ ಸೇರಿ ಸಂಸಾರವನ್ನೂ ಅಲ್ಲಿಗೇ ಕರೆದುಕೊಂಡು ಹೋದ. ಅಲ್ಲಿಗೆ ತವರಿಗೆ ಹೋಗುವುದೆಂದರೆ ಮಂಡಿ ಬೀದಿಯ ಒಂದು ಕೋಣೆಯಲ್ಲಿ ಕಾಯಿ ನಾರಿನ ವಾಸನೆ ಕುಡಿಯುತ್ತ ಕೂರುವುದು ಎಂದಾಯಿತು. ಅಣ್ಣ ಬಂಗಾರದಂಥವನು, ಅವನನ್ನು ನಾನು ಏನೂ ಅನ್ನುವುದಿಲ್ಲ. ಆದರೆ ಹೊಳೆ ಹೋಯಿತು. ಬಸ್ಸಿನ ಕಿಟಕಿಯಲ್ಲಿ ಒಂದು ಕೆರೆ ಕಂಡರೂ ಸಾಕು, ಎದ್ದು ನಿಂತು ಕತ್ತು ಹೊರಳಿಸಿ ಅದು ಮರೆಯಾಗುವವರೆಗೂ ನೋಡುತ್ತಿದ್ದೆ. ಹಿಂದಿನ ಸೀಟಿನವರು ಬೈದರೆ ನಾನೂ ಬೈಯುತ್ತಿದ್ದೆ.

ಅರವತ್ತರ ದಶಕ ಶುರುವಾದ ಮೇಲೆ ಬೇಲೂರು ಹಳೇಬೀಡು ನೋಡುವುದಕ್ಕೆ ದೂರದೂರದಿಂದ, ಹೊರದೇಶಗಳಿಂದಲೂ ಜನ ಬರುವುದು ಹೆಚ್ಚಾಯಿತು. ಅಂಥವರು ಇಳಿದುಕೊಳ್ಳಲೆಂದು ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ಆ ಹೋಟೆಲು ಕಟ್ಟಿಸಿದರು. ಅರಕಲಗೂಡಿನ ಕಡೆಯವರು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸದಾ ತಮಾಷೆ. ಬೊಂಬಾಯಿಗೆ ಹೋಗಿದ್ದಾಗ ಯಾವುದೋ ಹೋಟೆಲಿನ ಈಜುಕೊಳದ ಪಕ್ಕ ಬಂಡೆಯನ್ನೂ, ಬಂಡೆಯ ನೆತ್ತಿಯಿಂದ ಬೀಳುವ ನೀರನ್ನೂ ನೋಡಿ ಬಂದಿದ್ದರಂತೆ. ನಮ್ಮಲ್ಲೂ ಹಾಗೇ ಆಗಬೇಕು ಎಂದು ಹಟ ಹಿಡಿದರು. ನಮ್ಮ ಕೊಳಾಯಿ ಸಾಲಿನಲ್ಲಿ ಅದರದೇ ಮಾತು. “ನೀರ್ಗಿಳ್ಯಾಕೂ ಟಿಕೀಟಂತೆ! ಕಾಲ ಕೆಟ್ಟೋಯ್ತು ಕಣಕ್ಕ,” ಎಂದು ಪಕ್ಕದ ಮನೆಯವಳು ಗಲ್ಲಕ್ಕೆ ಕೈ ಹಚ್ಚಿದಳು.

ಕೊಳದ ನಕ್ಷೆ ಬೆಂಗಳೂರಿನ ಇಂಜಿನಿಯರು ಹಾಕಿದ್ದು. ಆಳ ಎಲ್ಲೆಲ್ಲಿ ಎಷ್ಟು, ಮೆಟ್ಟಿಲು ಯಾವ ಕಡೆ, ಕೊಳಕು ನೀರು ಹೋಗುವುದು ಎಲ್ಲಿಂದ, ಎಲ್ಲಕ್ಕೂ ಗೆರೆ, ಎಲ್ಲಕ್ಕೂ ಅಳತೆ. ಬಂಡೆ ಬರಬೇಕಾದ ಜಾಗದಲ್ಲಿ ಮಾತ್ರ ಮಕ್ಕಳು ಮೋಡ ಗೀಚಿದ ಹಾಗೆ ಒಂದು ಗೀಚು. ಒಳಗೆ ಟೊಳ್ಳಿರಬೇಕು, ಪಂಪು ಪೈಪು ಅದರ ಹೊಟ್ಟೆಯಲ್ಲಿ ಅಡಗಬೇಕು, ಹಿಂದೆ ಆಳು ನುಸುಳುವಷ್ಟು ಬಾಗಿಲು ಬೇಕು, ಹತ್ತಿದವರ ಕಾಲು ಜಾರಬಾರದು, ಎಲ್ಲೂ ಚೂಪು ಇರಬಾರದು. ಇಷ್ಟನ್ನು ಬಾಯಲ್ಲೇ ಹೇಳಿ ಆ ಇಂಜಿನಿಯರು, “ನ್ಯಾಚುರಲ್ ಆಗಿರಲಿ ಮೇಸ್ತ್ರಿ,” ಎಂದು ಕಾರು ಹತ್ತಿ ಹೋದರಂತೆ.

ನನ್ನ ಗಂಡ ಆ ಮಾತನ್ನು ಜೋಪಾನವಾಗಿ ಮನೆಗೆ ತಂದರು.

“ನ್ಯಾಚ್ರಲ್ಲಾಗಿರ್ಬೇಕಂತೆ ಕಣೆ.”

“ಅಂಗಂದ್ರೇನು?”

“ಸಾವ್ಕಾರ್ರುನ್ನ ಕೇಳ್ದೆ. ಯಾರೋ ಮಾಡ್ದಂಗಿರ್ಬಾರ್ದು, ತಾನೇ ಆದಂಗಿರ್ಬೇಕು ಅಂದ್ರು.”

“ಒಳ್ಳೇದಾಯ್ತು ಬುಡಿ. ನೀವು ಮನೇಲೇ ಇರಿ, ಅದೇ ಆಯ್ತದೆ,” ಎಂದೆ.

ಅವರು ನಗಲಿಲ್ಲ. ಅವರ ಕಷ್ಟ ನನಗೆ ಆಗ ಗೊತ್ತಿರಲಿಲ್ಲ. ಗಾರೆ ಗೊಂಬೆ ಮಾಡುವವರು ಮೊದಲು ನಿಶ್ಚಯ ಮಾಡುವುದು ಮುಖ. ಮುಖ ಯಾವ ದಿಕ್ಕಿಗೆ ಎಂದು ಗೊತ್ತಾಗದೆ ಒಂದು ಕರಣೆ ಗಾರೆಯನ್ನೂ ಎಸೆಯುವುದಿಲ್ಲ. ಇವರು ಇಟ್ಟಿಗೆ ಕಟ್ಟಿ, ಕಬ್ಬಿಣದ ಕಂಬಿ ಬಗ್ಗಿಸಿ, ಮೇಲೆ ಕೋಳಿಗೂಡಿನ ಜಾಲರಿ ಸುತ್ತಿ, ಸಿಮೆಂಟು ಗಾರೆ ಹಾಕುತ್ತ ಹೋದರು. ಕೈ ತನ್ನ ಅಭ್ಯಾಸದ ಹಾದಿ ಹಿಡಿಯಿತು. ಸಾಹುಕಾರರು ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನ್ ಮೇಸ್ತ್ರಿ, ಬಸವಣ್ಣ ಕೂತವ್ನಲ್ಲಾ!”

ನಿಜಕ್ಕೂ ಬಸವಣ್ಣನೇ. ಬೆನ್ನ ಮೇಲೆ ಇಣಿ, ಕತ್ತಿನಡಿ ಗಂಗೆದೊಗಲು, ಮಡಿಸಿದ ಮುಂಗಾಲು. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದನಂತೆ ಒಬ್ಬ. ಇವರು ಬಂಡೆ ಮಾಡು ಅಂದರೆ ಆ ಗಣಪತಿಯ ಅಪ್ಪನ ವಾಹನವನ್ನೇ ಮಾಡಿದ್ದರು. ಸಾಹುಕಾರರು ಬೈಯಲಿಲ್ಲ, ಆಳುಗಳೆಲ್ಲರ ಮುಂದೆ ಹೊಟ್ಟೆ ಹಿಡಿದು ನಕ್ಕರು. ಬೈದಿದ್ದರೆ ವಾಸಿಯಿತ್ತು. ಒಡೆದು ಮತ್ತೆ ಮಾಡಿದರೆ ಈ ಸಲ ನೀರು ಬೀಳುವ ಜಾಗ ಸಿಂಹದ ಬಾಯಿಯಾಯಿತು. ಸಾಹುಕಾರರಿಗೆ ನಗು ಬರಲಿಲ್ಲ. “ಆಗ್ದಿದ್ರೆ ಆಗಕಿಲ್ಲ ಅಂತ ಏಳ್ಬುಡಿ ಮೇಸ್ತ್ರಿ, ಮೈಸೂರಿಂದ ಬ್ಯಾರೆಯೋರ್ನ ಕರುಸ್ತೀನಿ,” ಎಂದರು.

ಆ ದಿನ ಇವರು ಮನೆಗೆ ಬಂದು ಮುದ್ದೆ ಮುರಿಯದೆ ತಟ್ಟೆಯ ಮುಂದೆ ಕೂತರು. ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಕೈ ಒಂದು ಕಲ್ಲು ಮಾಡಲಾರದೆ ಸೋತಿತಲ್ಲ ಎನ್ನುವುದು ಅವರ ಸಂಕಟ. ಕೊನೆಗೆ ನನ್ನನ್ನು ಕೇಳಿದರು.

“ಅಲ್ಲಾ, ಬಂಡೆಗೆ ಮುಖ ಯಾವ್ ಕಡೀಕಿರ್ತದೆ?”

ನನಗೆ ನಗು ತಡೆಯಲಾಗಲಿಲ್ಲ. “ಬಂಡೆಗೆಲ್ಲೀ ಮುಖ? ಅದೇನ್ ಹಸೆಮಣೆ ಮ್ಯಾಲೆ ಕೂರೋ ಗಂಡಾ? ಬಂಡೆಗೆ ಬೆನ್ನೊಂದೇ ಇರೋದು. ನೀರು ಎತ್ಲಿಂದ ಬತ್ತದೋ ಅತ್ಲಾಗೆ ಬೆನ್ ಕೊಟ್ಕಂಡು ಕೂತಿರ್ತದೆ.”

ಅವರು ತಲೆಯೆತ್ತಿದರು. “ನಿಂಗೆಂಗೊತ್ತು?”

ಹೇಳಿದೆ. ಮದುವೆಯಾಗಿ ಅಷ್ಟು ವರ್ಷವಾದರೂ ಹೇಳದೇ ಇದ್ದದ್ದನ್ನೆಲ್ಲ ಹೇಳಿದೆ. ಹೆಣ್ಣುಬಂಡೆ, ಸೋರೆಬುರುಡೆ, ಅವ್ವ ತಳ್ಳಿದ್ದು, ಆ ತಗ್ಗು, ಬೆನ್ನಿನ ಬಿಸಿ. ನನಗೆ ಬಾಯಿ ಹೆಚ್ಚು ಎಂದು ಎಲ್ಲರೂ ಅನ್ನುವುದು, ಆದರೆ ಇದೊಂದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅತ್ತೆಯ ಹಾಗೆ ಇವರೂ ಬಿಂದಿಗೆ ತೋರಿಸಿಯಾರು ಎಂದು ಭಯ. ಇವರು ತೋರಿಸಲಿಲ್ಲ. ಕೇಳಿ ಮುಗಿಸಿ, “ನೀನ್ ಬಂದು ಏಳ್ಕೊಟ್ಟೀಯಾ?” ಎಂದರು.

“ಬತ್ತೀನಿ. ಆದ್ರೆ ಒಂದ್ ಮಾತು. ನೀರು ತುಂಬುದ್ಮ್ಯಾಲೆ ಒಂದ್ಸಲ ನಾನದ್ರ ಮ್ಯಾಲೆ ಕೂತ್ಕಂಡು ನೀರ್ಗಿಳೀಬೇಕು.”

“ಅದು ದೊಡ್ಡೋರ್ ಓಟ್ಲು ಕಣೆ.”

“ದೊಡ್ಡೋರ್ ಬಂಡೆ ಎಂಗಿರ್ತದೋ ನಾ ಕಾಣೆ. ಅಂಗಾರೆ ಬ್ಯಾರೆ ಯಾರ್ನಾದ್ರೂ ಕೇಳ್ಕೊಳಿ.”

ಅವರಿಗೆ ನಗು ಬಂತು. ಮಾರನೆಯ ದಿನ ಸಾಹುಕಾರರನ್ನು ಕೇಳಿಯೇ ಬಂದರು. ಹೋಟೆಲು ತೆರೆಯುವ ಹಿಂದಿನ ದಿನ ಗಂಗೆ ಪೂಜೆ, ಅವತ್ತು ಮನೆಯ ಜನ ಬಿಟ್ಟರೆ ಹೊರಗಿನವರು ಇರುವುದಿಲ್ಲ, ಎಲ್ಲರೂ ಊಟಕ್ಕೆ ಎದ್ದ ಮೇಲೆ ನಿಮ್ಮ ಹೆಂಡತಿ ಇಳಿಯಲಿ ಅದಕ್ಕೇನಂತೆ, ಎಂದರಂತೆ ಪುಣ್ಯಾತ್ಮ.

ಮಧ್ಯಾಹ್ನದ ಬುತ್ತಿಯ ನೆಪದಲ್ಲಿ ನಾನು ಬಸ್ಸು ಹತ್ತಿ ಹೋಗತೊಡಗಿದೆ. ಕೊಳ ನೋಡಿ ಮೊದಲು ನಿರಾಸೆಯೇ ಆಯಿತು. ಬರೀ ದೊಡ್ಡ ತೊಟ್ಟಿ, ಮೂಲೆಯಲ್ಲಿ ಒಡೆದ ಸಿಂಹದ ಕಬ್ಬಿಣದ ಎಲುಬು. ನಾನು ಎಲೆಯಡಿಕೆ ಹಾಕಿಕೊಂಡು ನೆರಳಲ್ಲಿ ಕೂತು ಹೇಳುವುದು, ಅವರು ಮಾಡುವುದು. ಒಂದು ಕಡೆ ಉಬ್ಬಿಸಿದರೆ ಇನ್ನೊಂದು ಕಡೆಯೂ ಅಷ್ಟೇ ಉಬ್ಬಿಸುವ ಚಾಳಿ ಅವರ ಕೈಗೆ; ದ್ವಾರಪಾಲಕರು ಜೋಡಿಯಲ್ಲವೇ. “ಎರಡೂ ಕಡೆ ಸಮ ಮಾಡಾಕೆ ಅದೇನ್ ತಕ್ಕಡಿನಾ?” ಎಂದು ನಾನು ಕೂಗಬೇಕು. ನೀರು ಬಂದು ಬಡಿಯುವ ಕಡೆ ನುಣುಪಿರಲಿ, ಬಿಟ್ಟು ಹೋಗುವ ಕಡೆ ಒರಟಿರಲಿ. ಬಿರುಕು ಮೇಲಿಂದ ಕೆಳಗೆ ನೆಟ್ಟಗೆ ಇಳಿಯುವುದಿಲ್ಲ, ಅರ್ಧ ದಾರಿಗೆ ಬಂದು ಮನಸ್ಸು ಬದಲಾಯಿಸುತ್ತದೆ. ಮೇಲೊಂದು ಒರಳಿನಂಥ ಗುಂಡಿ ಬೇಕು, ಹರಳುಕಲ್ಲು ಸಿಕ್ಕಿಕೊಂಡು ತಿರುಗಿ ತಿರುಗಿ ಕೊರೆದದ್ದು. ಹೇಳುತ್ತ ಹೇಳುತ್ತ ನನಗೇ ಆಶ್ಚರ್ಯ. ಕಣ್ಣು ಮುಚ್ಚಿದರೆ ಅಂಗಾಲಿಗೆ ಬಂಡೆ ಸಿಗುತ್ತಿತ್ತು. ಆಳುಗಳು, “ಮೇಸ್ತ್ರಿಗೇ ಮೇಸ್ತ್ರಿ ಬಂದವ್ಳೆ ಕಣ್ಲಾ,” ಎಂದು ನಗುತ್ತಿದ್ದರು. ಇವರು ಒದ್ದೆ ಗೋಣಿತಾಟನ್ನು ಮುದುರಿ ಹಸಿ ಗಾರೆಗೆ ಒತ್ತಿ ಒತ್ತಿ ಕಲ್ಲಿನ ಮೈ ತರಿಸಿದರು. ಸಿಂಹವೂ ಹೋಯಿತು, ಬಸವಣ್ಣನೂ ಹೋದ.

ತಗ್ಗು ಮಾಡುವ ದಿನ ಬಂತು. ಎಷ್ಟಗಲ, ಎಷ್ಟು ಆಳ ಎಂದು ಕೈ ಅಗಲಿಸಿ ತೋರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ. ಹಸಿ ಗಾರೆಯ ಮೇಲೆ ಗೋಣಿತಾಟು ಹಾಸಿ, “ಕೂತ್ಕೊ,” ಎಂದರು.

“ಥೂ, ಎಲ್ರೂ ನೋಡ್ತಾವ್ರೆ.”

ಆಳುಗಳು ಊಟಕ್ಕೆ ಹೋಗುವವರೆಗೆ ಕಾದು ಕೂತೆ. ಗಾರೆ ಮೆಲ್ಲಗೆ ಒಳಕ್ಕೆ ಜಗ್ಗಿ, ಸೊಂಟಕ್ಕೂ ಬೆನ್ನಿಗೂ ತಾನೇ ಜಾಗ ಮಾಡಿಕೊಟ್ಟಿತು. ಕಾಲ ಕೆಳಗೆ ಒಣ ತೊಟ್ಟಿ. ಆದರೂ ನಾನು ಕಾಲಾಡಿಸಿದೆ. ಎಂಥದೋ ಸಂಕಟವಾಗಿ ಕಣ್ಣಲ್ಲಿ ನೀರು ತುಂಬಿತು. ಅವ್ವ ಇದ್ದಿದ್ದರೆ ಎಂದುಕೊಂಡೆ. ಇವರು ಏನೂ ಕೇಳದೆ ಎರಡೂ ಕೈ ಹಿಡಿದು ಎಬ್ಬಿಸಿದರು. ಸೀರೆಯ ತುಂಬ ಸಿಮೆಂಟು. “ಇನ್ ಮುಟ್ಬ್ಯಾಡ, ಬಿಗೀಲಿ,” ಎಂದರು.

ಬಿಗಿಯಿತು. ಆಮೇಲೆ ಬಣ್ಣ. ದೀಪದ ಮಸಿ, ಕಾವಿ, ಸುಣ್ಣ ಬೆರೆಸಿ ಬೆರೆಸಿ ಹಚ್ಚಿದರು. ಪಾಚಿ ಹಿಡಿಯಲಿ ಎಂದು ನಾನು ಹುಳಿ ಮಜ್ಜಿಗೆಗೆ ಸಗಣಿ ಕದಡಿ ನೆತ್ತಿಯಿಂದ ಸುರಿದೆ. ಸಾಹುಕಾರರು ಮೂಗು ಮುಚ್ಚಿಕೊಂಡು, “ಇದೇನ್ರಮ್ಮ ಓಟ್ಲಾ ಕೊಟ್ಟಿಗೆನಾ?” ಎಂದು ಅಯ್ಯಯ್ಯೋ ಅನ್ನುತ್ತ ಓಡಿದರು. ಸ್ವಲ್ಪ ಕಾಲದಲ್ಲೇ ಹಸಿರು ಹತ್ತಿತು. ನೋಡಿದವರು ಹತ್ತಿರ ಹೋಗಿ ಬೆರಳಲ್ಲಿ ಕುಟ್ಟಿದರೆ ಮಾತ್ರ ಅದು ಟೊಳ್ಳೆಂದು ಗೊತ್ತಾಗಬೇಕು, ಹಾಗಿತ್ತು. ಹೆಣ್ಣುಬಂಡೆಯೇ. ಅಷ್ಟು ದೊಡ್ಡದಲ್ಲ, ಆದರೆ ಅದೇ. ನಾನು ದಿನಾ ಅದನ್ನು ಸವರಿ, ಇನ್ನೂ ನೀರಿಲ್ಲವಲ್ಲ, ನೀರು ಬರಲಿ, ನೀರು ಬರಲಿ, ಎಂದುಕೊಂಡು ಬಸ್ಸಿಗೆ ಓಡುತ್ತಿದ್ದೆ.

ಪೂಜೆಯ ದಿನ ಒಂದು ಹಳೆಯ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಕೊಳ ತುಂಬಿತ್ತು. ಪಂಪು ಹಾಕಿದ್ದರು, ಬಂಡೆಯ ನೆತ್ತಿಯಿಂದ ನೀರು ಇಳಿದು, ಉಬ್ಬನ್ನು ಬಳಸಿ, ತಗ್ಗಿನ ಪಕ್ಕಕ್ಕೆ ಬೀಳುತ್ತಿತ್ತು. ಸಾಹುಕಾರರ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದರು. ಸಾಹುಕಾರರ ತಾಯಿ ಮಾತ್ರ ಆ ಬೆಳಗ್ಗೆ ಅರಕಲಗೂಡಿನಿಂದ ಬಂದಿದ್ದರು. ಕಣ್ಣು ಮಂಜಾದ ಮುದುಕಿ, ಕೈಯಲ್ಲಿ ಕೋಲು. ಆ ಜಾಗಕ್ಕೆ ಅವರು ಬಂದದ್ದು ಅದೇ ಮೊದಲು.

“ಈ ಬಂಡೆ ಮೊದ್ಲಿಂದ ಇಲ್ಲೇ ಇತ್ತೇನ್ಲಾ ಮಗ?” ಎಂದರು.

ಸಾಹುಕಾರರಿಗೆ ಇದಕ್ಕಿಂತ ದೊಡ್ಡ ಸಂತೋಷ ಬೇಕೇ? ನನ್ನ ಗಂಡನ ಕಡೆ ಕಣ್ಣು ಮಿಟುಕಿಸಿ, “ಊ ಕಣವ್ವ, ಇಲ್ಲೇ ಇತ್ತು. ತಾನೇ ಆಗಿರೋದು,” ಎಂದರು.

“ತಾನೇ ಆಗಿರೋದಾ? ಅಂದ್ರೆ ಉದ್ಭವ ಅನ್ನು!” ಮುದುಕಿ ಕೋಲು ಕೆಳಗಿಟ್ಟು ಎರಡೂ ಕೈ ಜೋಡಿಸಿದರು.

ಸಾಹುಕಾರರು ತಮಾಷೆ ಮುಂದುವರಿಯಲಿ ಎಂದು ಸುಮ್ಮನಿದ್ದರು. ನನ್ನ ಗಂಡನ ಮುಖವೋ, ಗೋಪುರಕ್ಕೆ ಕಳಶ ಇಟ್ಟ ದಿನವೂ ಅಷ್ಟು ಅರಳಿರಲಿಲ್ಲ. ಬಸವಣ್ಣ ಮಾಡಿ ನಗಿಸಿಕೊಂಡವರು ಈಗ ಒಂದು ಉದ್ಭವವನ್ನೇ ಮಾಡಿದ್ದರಲ್ಲ. ಗಂಗೆ ಪೂಜೆಗೆ ನೀರಿನ ಅಂಚಿನಲ್ಲಿ ಮೂರು ಕಲ್ಲು ನಿಲ್ಲಿಸಿ ಅರಿಶಿನ ಕುಂಕುಮ ಇಡುವುದು ನಮ್ಮ ಪದ್ಧತಿ. ಅಲ್ಲಿ ಸುತ್ತ ಹೊಸ ಸಿಮೆಂಟು ನೆಲ, ಒಂದು ಬೆಣಚುಕಲ್ಲೂ ಇಲ್ಲ. ಒಬ್ಬ ಆಳು ರಸ್ತೆ ಕಡೆ ಹುಡುಕಲು ಹೊರಟ. ಮುದುಕಿ ತಡೆದರು.

“ಇಷ್ಟ್ ದೊಡ್ಡ ತಾಯಿ ಮುಂದೆ ಕೂತವ್ಳೆ, ಕಲ್ಲ್ ಹುಡುಕ್ತಾ ಓಯ್ತಾನಂತೆ! ನಾನು ಅರಿಶಿನ ಕುಂಕುಮ ಬುಟ್ಟೋಳು. ಮುತ್ತೈದೆ ಯಾರವ್ರೆ? ನೀನೇನಮ್ಮ? ಬಾ ಮಗಳೆ, ಇಡು.”

ತಟ್ಟೆ ನನ್ನ ಕೈಗೆ ಬಂತು. ಅದು ಕಲ್ಲಲ್ಲ ಅಜ್ಜಿ, ಒಳಗೆ ಪಂಪೈತೆ ಎಂದು ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಮಗನ ಸುಳ್ಳು ತಾಯಿಯ ಮುಂದೆ ಬಯಲಾಗುತ್ತಿತ್ತು, ನನ್ನ ಗಂಡನ ಮುಖ ಬಾಡುತ್ತಿತ್ತು. ಎಲ್ಲಿ ಬೇಡವೋ ಅಲ್ಲೆಲ್ಲ ಆಡುವ ನನ್ನ ಬಾಯಿ ಅವತ್ತು ಕಟ್ಟಿಹೋಯಿತು. ಬಾಗಿ, ತಗ್ಗಿನ ನಡುವೆಯೇ ಅರಿಶಿನ ಹಚ್ಚಿ ಕುಂಕುಮ ಇಟ್ಟೆ. ಬೇರೆ ಕಡೆ ನೀರು ಹರಿದು ತೊಳೆದುಹೋಗುತ್ತಿತ್ತು. ಒಣಗಿದ್ದ ಜಾಗ ಅದೊಂದೇ. ಹೂ ಇಟ್ಟು, ಕಾಯಿ ಒಡೆದು, ಆರತಿ ಎತ್ತಿ, ಎಲ್ಲರ ಜೊತೆ ನಾನೂ ಕೈ ಮುಗಿದೆ. ಮುಗಿದ ಮೇಲೆ ಹೊಳೆಯಿತು: ಇನ್ನು ಇದರ ಮೇಲೆ ಹೇಗೆ ಕೂರುವುದು?

ಎಲ್ಲರೂ ಊಟಕ್ಕೆ ಎದ್ದರು. ಮಾತಿನ ಪ್ರಕಾರ ಅದು ನನ್ನ ಹೊತ್ತು. ಚೀಲ ಹಿಡಿದು ನಿಂತೆ. ಮುದುಕಿ ಮಾತ್ರ ಅಲ್ಲಾಡಲಿಲ್ಲ. ಬಂಡೆಯ ಎದುರಿಗೆ ಮಣೆ ಹಾಕಿಸಿಕೊಂಡು ತುಟಿಯಲ್ಲೇ ಶಿವಶಿವಾ ಎನ್ನುತ್ತ ಕೂತರು. ಮಗ ಬಂದು ಕರೆದರೂ ಏಳಲಿಲ್ಲ. ನಾನು ಮೆಟ್ಟಿಲವರೆಗೆ ಹೋದೆ. ಒಂದು ಮೆಟ್ಟಿಲು ಇಳಿದೆ. ನೀರು ಕಣಕಾಲಿಗೆ ಬಂತು. ಎಷ್ಟೋ ವರ್ಷದ ಮೇಲೆ ಅಷ್ಟು ನೀರು ನನ್ನ ಮುಂದೆ ಹರಡಿತ್ತು, ನನ್ನ ತೋಳೆಲ್ಲ ಜುಮ್ಮೆಂದಿತು.

“ಎಲ್ಲೀಗಮ್ಮ?” ಎಂದರು ಮುದುಕಿ, ಸದ್ದು ಕೇಳಿ.

“ಕಾಲ್ ತೊಳ್ಕಂತಿದೀನಿ ಅಜ್ಜಿ.”

“ತೊಳ್ಕೊ, ತೊಳ್ಕೊ. ತಾಯಿ ಪಾದದ ನೀರು, ಒಳ್ಳೇದಾಯ್ತದೆ.”

ಮೇಲಕ್ಕೆ ಬಂದೆ. ಅವರ ಪಕ್ಕದಲ್ಲಿ ಕೂತು ನಾನೇ ಮಾಡಿಸಿದ ತಗ್ಗನ್ನು, ಅದರೊಳಗಿನ ಕುಂಕುಮವನ್ನು ನೋಡಿದೆ. ನನ್ನ ಕಾಲಿಗೂ ಅದಕ್ಕೂ ಎರಡೇ ಮಾರು ದೂರ. ಕೋಪ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಮುದುಕಿಯ ಮೇಲೆ ಬರಲಿಲ್ಲ. ಅವರ ಭಕ್ತಿ ಸುಳ್ಳಲ್ಲ. ಮನೆಗೆ ಬಂದು ಆ ಹಳೆಯ ಸೀರೆಯನ್ನು ಒಣಗಿದ್ದದ್ದು ಒಣಗಿದ ಹಾಗೇ ಮಡಿಸಿಟ್ಟೆ. ಇವರು, “ಇಳ್ದಾ?” ಎಂದು ಕೇಳಲಿಲ್ಲ. ಅವರಿಗೂ ಗೊತ್ತಿತ್ತು. ದೇವರ ಮೇಲೆ ಕೂರುವುದುಂಟೇ ಎನ್ನುವುದು ಇಬ್ಬರೂ ಬಾಯಿಬಿಟ್ಟು ಆಡದ ಮಾತಾಯಿತು.

ಮಾರನೆಯ ಮಧ್ಯಾಹ್ನದಿಂದ ಹೋಟೆಲು ಶುರುವಾಯಿತು. ನಾನು ಮತ್ತೆ ಅತ್ತ ಹೋಗಲಿಲ್ಲ. ಇವರು ಮಾತ್ರ ಆಗಾಗ ಬಿರುಕು ಮುಚ್ಚಲು, ಬಾಗಿಲ ಗಾರೆ ಸರಿ ಮಾಡಲು ಹೋಗಿ ಬರುತ್ತಿದ್ದರು. ನಾನು ಆ ಬಂಡೆಯನ್ನು ಮನಸ್ಸಿನಲ್ಲಿ ದೇವರೆಂದೇ ಇಟ್ಟುಕೊಂಡಿದ್ದೆ. ಆಸೆಪಟ್ಟದ್ದು ಸಿಗದಿದ್ದರೆ ಅದಕ್ಕೆ ಕೈ ಮುಗಿಯುವುದು ಸುಲಭ. ಒಂದು ದಿನ ಇವರು ಕೆಲಸ ಮುಗಿಸಿ ಬಂದು, ಹಿತ್ತಲಲ್ಲಿ ಕರಣೆ ತೊಳೆಯುತ್ತ ಖುಷಿಯಿಂದ ಹೇಳಿದರು.

“ಇವತ್ತೊಬ್ಳು ಬಿಳೀ ಹೆಂಗ್ಸು ಬಂದಿದ್ಲು ಕಣೆ. ಈಸಿ ಈಸಿ ಸುಸ್ತಾಗಿ ನಿನ್ನ ತಗ್ಗಲ್ಲೇ ಕೂತ್ಲು. ಅವ್ಳ ಬೆನ್ಗೇ ಅಳತೆ ತಗಂಡ್ ಮಾಡ್ದಂಗಿತ್ತು. ಕಾಲು ನೀರಲ್ಲಿ ಬುಟ್ಕಂಡು ಕಣ್ ಮುಚ್ಕಂಡು, ಮಧ್ಯಾನ್ದ ಗಂಟ ಏಳ್ನಿಲ್ಲ.”

ನಾನು ಕೊಡಪಾನ ತಿಕ್ಕುತ್ತಿದ್ದವಳು ನಿಲ್ಲಿಸಿದೆ. “ಅಲ್ಲಿ ಕುಂಕುಮ ಇತ್ತಲ್ಲ?”

“ಯಾವ್ ಕುಂಕ್ಮ?”

“ನಾ ಇಟ್ಟಿದ್ದು.”

“ಓ, ಅದಾ. ಅದು ಎಲ್ ಉಳೀತದೆ! ಪೂಜೆ ಆದ ಮಾರ್ನೆ ಬೆಳಿಗ್ಗೇನೇ ತೊಳುದ್ಬುಟ್ಟೆ. ನೀರು ಕೆಂಪಗಾಯ್ತದೆ, ಪಂಪ್ ಕಟ್ಕತದೆ, ಬಂದೋರ್ ಏನಂತಾರೆ, ಅಜ್ಜಿ ಎದ್ದೇಳಾದ್ರೊಳ್ಗೆ ಉಜ್ಜಾಕಿ ಅಂತ ಸಾವ್ಕಾರ್ರೇ ಯೋಳ್ಕಳ್ಸಿದ್ರು. ಬ್ರಶ್ ತಗಂಡು ನಾನೇ ಉಜ್ದೆ.”

“ಅವಾಗ ಅಲ್ಲಿ ಯಾರಿದ್ರು?”

“ಯಾರಿರ್ತಾರೆ? ನಾನೊಬ್ನೇ. ಗಿರಾಕಿಗ್ಳು ಬಂದಿದ್ದು ಮಧ್ಯಾನ್ದ ಮ್ಯಾಲಲ್ವಾ.”

“ನನ್ನ ಕರೀಬೌದಾಗಿತ್ತು.”

ಅವರು ನಕ್ಕರು. ಕೆಟ್ಟ ನಗುವಲ್ಲ, ಗೊತ್ತಿರುವ ಹೆಂಡತಿಯನ್ನು ನೋಡಿ ನಗುವ ನಗು. “ಕುಂಕ್ಮ ಇಟ್ಟೋಳೇ ನೀನು. ಕರ್ದಿದ್ರೆ ಬಂದು ಅದ್ರ ಮ್ಯಾಲೆ ಕೂರ್ತಿದ್ಯಾ?”

“ಕೂರ್ತಿದ್ದೆ,” ಎಂದೆ.

ಅವರ ಕೈ ನಿಂತಿತು. ನನಗೆ ಅಳು ಬಂದಿತ್ತು, ಮುಚ್ಚಿಟ್ಟುಕೊಳ್ಳಲಿಲ್ಲ. ಅವರು ಕರಣೆ ಕೆಳಗಿಟ್ಟು ನನ್ನ ಪಕ್ಕದಲ್ಲಿ ಬಂದು ಕೂತರು.